ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ

ಮದ್ಯ ಮತ್ತು ಮಾದಕವಸ್ತುಗಳ ವ್ಯಸನದ ಬಗ್ಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕುಡಿಯುವವರ ಮನೆಯಿಂದಲೇ ಬರುತ್ತವೆ. ಈ ಸಲ ಬೇರೆ ಬಗೆಯ ನಾಲ್ಕು ಪತ್ರಗಳು ಕೈಸೇರಿವೆ. ಮೂರನ್ನು ಬರೆದವರು ವ್ಯಸನಿಗಳ ಚಿಕಿತ್ಸೆಯ ಕೆಲಸದಲ್ಲಿರುವವರು ಅಥವಾ ಆ ಕೆಲಸಕ್ಕೆ ಬರಬೇಕೆಂದಿರುವವರು. ನಾಲ್ಕನೆಯದನ್ನು ಬರೆದವರು ಮಗನನ್ನು ಅಂಥವರ ಕೈಗೊಪ್ಪಿಸಿದ ಒಬ್ಬ ತಂದೆ. ನಾಲ್ವರೂ ಸುತ್ತಿ ಬಳಸಿ ಕೇಳಿರುವುದು ತರಬೇತಿಯ ವಿಷಯವನ್ನೇ. ಆದ್ದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಬಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಟ್ಟಿದೆ.

ಪ್ರಶ್ನೆ: ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಎಂಟು ತಿಂಗಳ ಹಿಂದೆ ಹದಿನೈದು ಹಾಸಿಗೆಗಳ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿ ಸೇರಿದೆ. ಸೇರಿದಾಗ ಎರಡು ದಿನ ಕಡತಗಳನ್ನು ಹೇಗೆ ತುಂಬಬೇಕೆಂದು ತೋರಿಸಿದರು, ತರಬೇತಿ ಎಂದರೆ ಅಷ್ಟೇ. ದಾಖಲಾದವರಿಗೆ ಕುಡಿತದ ಕೆಡುಕನ್ನು ಎಷ್ಟು ತಿಳಿಹೇಳಿದರೂ, ಹೆಂಡತಿ ಮಕ್ಕಳ ಪಾಡನ್ನು ಎಷ್ಟು ಬಿಡಿಸಿ ಹೇಳಿದರೂ, ತಲೆಯಾಡಿಸಿ ಮನೆಗೆ ಹೋದವರು ತಿಂಗಳೊಳಗೆ ಮತ್ತೆ ಬರುತ್ತಾರೆ. ನಾನು ಯಾವ ಕೋರ್ಸ್ ಮಾಡಿದರೆ ಈ ಕೆಲಸ ಕೈಗೆ ಹತ್ತುತ್ತದೆ?
(ಓದುಗಿ, ಹಾವೇರಿ ಜಿಲ್ಲೆ)

ಉತ್ತರ: ಕೋರ್ಸಿನ ಮಾತಿಗೆ ಆಮೇಲೆ ಬರುತ್ತೇನೆ. ‘ಎಷ್ಟು ತಿಳಿಹೇಳಿದರೂ’ ಎಂದು ಬರೆದಿದ್ದೀರಲ್ಲ, ನಿಮ್ಮ ತೊಂದರೆಯ ಬೇರು ಅಲ್ಲಿದೆ. ಕುಡಿಯುವವನಿಗೆ ಬುದ್ಧಿ ಹೇಳುವವರು ಬೇಕಾದಷ್ಟಿದ್ದಾರೆ. ತಾಯಿ ಹೇಳಿದ್ದಾಳೆ, ಮಾವ ಹೇಳಿದ್ದಾನೆ, ಊರ ಹಿರಿಯರು ಕಟ್ಟೆಯ ಮೇಲೆ ಕೂರಿಸಿ ಹೇಳಿದ್ದಾರೆ. ಅವರೆಲ್ಲ ಹೇಳಿ ಸೋತ ಮೇಲೆಯೇ ಆತ ನಿಮ್ಮ ಮುಂದೆ ಬಂದು ಕುಳಿತಿರುವುದು. ನಾನೂ ಕೆಲಸದ ಮೊದಲ ವರ್ಷದಲ್ಲಿ ಒಬ್ಬ ಲಾರಿ ಚಾಲಕರಿಗೆ ಮುಕ್ಕಾಲು ಗಂಟೆ ಯಕೃತ್ತಿನ ಚಿತ್ರ ತೋರಿಸಿ ಪಾಠ ಮಾಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ‘ನಮ್ಮಪ್ಪನೂ ಇದನ್ನೇ ಹೇಳ್ತಿದ್ದ ಸಾರ್, ಚಿತ್ರ ಒಂದು ಇರಲಿಲ್ಲ’ ಎಂದರು. ವ್ಯಸನ ಚಿಕಿತ್ಸೆಯ ತರಬೇತಿಯಲ್ಲಿ ಕಲಿಯುವುದಕ್ಕಿಂತ ಕಷ್ಟದ ಭಾಗವೆಂದರೆ ಬುದ್ಧಿ ಹೇಳುವ ಈ ಅಭ್ಯಾಸವನ್ನು ಬಿಡುವುದು. ನಮ್ಮಲ್ಲಿ ಬುದ್ಧಿ ಹೇಳುವುದು ಪ್ರೀತಿಯ ಗುರುತೂ ಆಗಿರುವುದರಿಂದ ಅದು ಇನ್ನಷ್ಟು ಕಷ್ಟ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಿಕಿತ್ಸಕರು ಮಾತುಕತೆಯ ಹೊತ್ತಿನಲ್ಲಿ ಎಷ್ಟೆಷ್ಟು ಎದುರು ವಾದಿಸಿದ್ದರೋ, ಒಂದು ವರ್ಷದ ನಂತರ ನೋಡಿದಾಗ ಅವರ ಎದುರು ಕುಳಿತಿದ್ದವರು ಅಷ್ಟಷ್ಟು ಹೆಚ್ಚು ಕುಡಿಯುತ್ತಿದ್ದರೆಂದು ಕಂಡುಬಂತು. ಇದೇ ಮಿಲ್ಲರ್ ಅವರು ರೂಪಿಸಿದ, ಮುಂದೆ ಸ್ಟೀಫನ್ ರೋಲ್ನಿಕ್ ಅವರೊಡನೆ ಬೆಳೆಸಿದ ‘ಮೋಟಿವೇಷನಲ್ ಇಂಟರ್‌ವ್ಯೂಯಿಂಗ್’ ಎಂಬ, ಬದಲಾಗುವ ಮನಸ್ಸನ್ನು ಎದುರಿನವರ ಬಾಯಿಂದಲೇ ಹೊರಡಿಸುವ ಸಂವಾದ ಕ್ರಮ ಇಂದು ಬಹುತೇಕ ಎಲ್ಲ ತರಬೇತಿಗಳಲ್ಲೂ ಇದೆ. ಆ ಕ್ರಮ ಹುಟ್ಟಿದ್ದು ಕೂಡ ತರಬೇತಿಯ ಕೊಠಡಿಯಲ್ಲೇ ಎಂಬುದು ನನಗೆ ಇಷ್ಟದ ಸಂಗತಿ. 1982ರಲ್ಲಿ ನಾರ್ವೆಯ ಬರ್ಗೆನ್ ಬಳಿಯ ಚಿಕಿತ್ಸಾಲಯವೊಂದರಲ್ಲಿ ಯುವ ಮನಶ್ಶಾಸ್ತ್ರಜ್ಞರು ರೋಗಿಗಳ ಪಾತ್ರ ವಹಿಸಿ, ಮಿಲ್ಲರ್ ಅವರನ್ನು ಚಿಕಿತ್ಸಕರಾಗಿ ಕೂರಿಸಿ, ನಡುನಡುವೆ ತಡೆದು ‘ಈಗ ಈ ಮಾತನ್ನೇ ಏಕೆ ಆಡಿದಿರಿ, ಬೇರೆಯದನ್ನು ಏಕೆ ಕೇಳಲಿಲ್ಲ’ ಎಂದು ಕೆದಕುತ್ತಿದ್ದರಂತೆ. ಉತ್ತರಿಸುತ್ತ ಹೋದಾಗಲೇ ತಾವು ಮಾಡುತ್ತಿದ್ದುದೇನೆಂದು ಅವರಿಗೆ ಸ್ಪಷ್ಟವಾಯಿತು. ಮರುವರ್ಷ ಅದು ಲೇಖನವಾಗಿ ಹೊರಬಂತು.

ನಿಮ್ಮ ಕಡೆಯ ಮಾತಿನಲ್ಲೇ ಒಂದು ಉದಾಹರಣೆ ಕೊಡುತ್ತೇನೆ. ‘ಬಿಡಬೇಕಂತ ಬೆಳಿಗ್ಗೆ ಅನಸ್ತದ್ರೀ ಮೇಡಂ, ಸಂಜಿ ಆತಂದ್ರ ಕಾಲು ತಾವ ಆ ಕಡೆ ನಡೀತಾವ’ ಎಂದು ಒಬ್ಬರು ಹೇಳಿದರು ಎನ್ನಿ. ‘ಮಕ್ಕಳ ಮುಖ ನೋಡಿ ಮನಸ್ಸು ಗಟ್ಟಿ ಮಾಡ್ರಿ’ ಎಂದರೆ ಆ ಮಾತು ಅಲ್ಲಿಗೇ ಮುಗಿಯಿತು. ಅವರು ‘ಹೂಂನ್ರೀ’ ಎಂದು ಕೈಮುಗಿದು ಎದ್ದುಹೋಗುತ್ತಾರೆ. ತರಬೇತಿ ಪಡೆದವರು ಅವರು ಆಡಿದ್ದನ್ನೇ ಅವರಿಗೆ ಹಿಂದಿರುಗಿಸುತ್ತಾರೆ: ‘ಬೆಳಿಗ್ಗೆ ಬಿಡೋ ಮನಸ್ಸು ನಿಮಗ ಖರೇನ ಇರ್ತದ. ಸಂಜಿ ಎಷ್ಟು ಗಂಟೆಕ್ಕ ಅದು ಸಡಿಲ ಆಗ್ತದ?’ ಆಗ ಅವರು ಆರು ಗಂಟೆ ಎನ್ನುತ್ತಾರೆ, ಕೂಲಿ ಕೈಗೆ ಬರುವ ಹೊತ್ತು ಎನ್ನುತ್ತಾರೆ, ಜೊತೆಗಿರುವ ಇಬ್ಬರ ಹೆಸರು ಹೇಳುತ್ತಾರೆ, ಶನಿವಾರದ ಸಂತೆಯ ಮಾತು ಬರುತ್ತದೆ. ಮುಂದಿನ ಆರು ವಾರಗಳ ಕೆಲಸಕ್ಕೆ ಬೇಕಾದದ್ದೆಲ್ಲ ಆ ಒಂದು ಪ್ರಶ್ನೆಯಿಂದ ಹೊರಬಿತ್ತು.

ಇದರಷ್ಟೇ ಮುಖ್ಯವಾದದ್ದು ಲೆಕ್ಕ ಕೇಳುವ ಕಲೆ. ‘ಸ್ವಲ್ಪ ಕುಡೀತೀನಿ’ ಎಂಬುದನ್ನು ಕಡತದಲ್ಲಿ ಹಾಗೆಯೇ ಬರೆದುಬಿಟ್ಟರೆ ಅದಕ್ಕೆ ಅರ್ಥವಿಲ್ಲ. ನಮ್ಮಲ್ಲಿ ಸಿಗುವ ಶೇಕಡ 42.8 ಮದ್ಯಸಾರದ ವಿಸ್ಕಿ ಅಥವಾ ಬ್ರಾಂದಿಯ 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಮದ್ಯಸಾರವಿರುತ್ತದೆ. ಅದನ್ನು ಒಂದು ಅಳತೆ ಎಂದಿಟ್ಟುಕೊಂಡರೆ ಒಂದು ನೈಂಟಿ ಎಂದರೆ ಮೂರು, ಒಂದು ಕ್ವಾರ್ಟರ್ ಎಂದರೆ ಆರು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಅಂಕಗಳು 0ಯಿಂದ 40ರವರೆಗೆ ಇದ್ದು, 8 ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ಕಡೆ ಹೊರಳಿದೆ ಎಂದೂ 20 ಅಥವಾ ಹೆಚ್ಚು ಬಂದರೆ ಅವಲಂಬನೆ ಇರಬಹುದೆಂದೂ ತಿಳಿಯುತ್ತಾರೆ. ಈ ಪ್ರಶ್ನೆಗಳನ್ನು ಪೊಲೀಸರಂತೆ ಕೇಳದೆ, ಬೆಳೆಯ ವಿಚಾರ ಕೇಳುವಷ್ಟು ಸಹಜವಾಗಿ ಕೇಳಲು ಅಭ್ಯಾಸ ಬೇಕು. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಂ ಮಾತ್ರೆಯನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಕಲೆಸಬಹುದೇ ಎಂದು ಹೆಂಗಸರು ನಿಮ್ಮನ್ನು ಖಂಡಿತ ಕೇಳುತ್ತಾರೆ. ಆ ಮಾತ್ರೆ ದೇಹದಲ್ಲಿರುವಾಗ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು, ಅದನ್ನು ವೈದ್ಯರ ನಿಗಾದಲ್ಲಿ, ತೆಗೆದುಕೊಳ್ಳುವವನಿಗೆ ಗೊತ್ತಿದ್ದು ಒಪ್ಪಿಗೆಯಿದ್ದರೆ ಮಾತ್ರ ಕೊಡಬೇಕು ಎಂದು ಆ ಕ್ಷಣವೇ, ಅವರ ಸಂಕಟವನ್ನು ಹಗುರವಾಗಿ ಕಾಣದೆ ಹೇಳಲು ನಿಮಗೆ ಬರಬೇಕು.

ಈಗ ಕೋರ್ಸಿನ ವಿಷಯ. ಯಾವ ತರಬೇತಿ ಒಳ್ಳೆಯದೆಂದು ಅಳೆಯಲು ನನ್ನ ಬಳಿ ಒಂದೇ ಅಳತೆಗೋಲಿದೆ: ನೀವು ರೋಗಿಯೊಡನೆ ಮಾತನಾಡುವುದನ್ನು ಅನುಭವಿಗಳೊಬ್ಬರು ಕೇಳಿ, ತಿದ್ದಿ, ಮತ್ತೆ ಕೇಳುತ್ತಾರೆಯೇ? 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮಿಲ್ಲರ್ ಅವರ ತಂಡ ಈ ಕ್ಷೇತ್ರದ 140 ವೃತ್ತಿಪರರನ್ನು ಗುಂಪುಗಳಾಗಿ ವಿಂಗಡಿಸಿ ನೋಡಿತು. ಬರೀ ಕಾರ್ಯಾಗಾರದಲ್ಲಿ ಕುಳಿತುಹೋದವರ ಕೌಶಲ ತಿಂಗಳುಗಳು ಕಳೆದಂತೆ ಕರಗುತ್ತಿತ್ತು. ಧ್ವನಿಮುದ್ರಿಕೆ ಕೇಳಿ ಕೊಟ್ಟ ಪ್ರತಿಕ್ರಿಯೆಯಾಗಲಿ ದೂರವಾಣಿಯ ಮೂಲಕ ಮಾರ್ಗದರ್ಶನವಾಗಲಿ ದೊರೆತವರಲ್ಲಿ ಅದು ಉಳಿಯಿತು. ಎರಡು ದಿನದ ಕಾರ್ಯಾಗಾರ, ಫೋಟೋ, ಪ್ರಮಾಣಪತ್ರ ಇವಿಷ್ಟೇ ಇದ್ದರೆ ಊಟ ಚೆನ್ನಾಗಿತ್ತೆಂದು ನೆನಪಿಟ್ಟುಕೊಳ್ಳಬಹುದು.

ಪೂರ್ಣಾವಧಿಗೆ ಓದಲು ಸಾಧ್ಯವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಉನ್ನತ ವ್ಯಾಸಂಗವಿದೆ. ಅಲ್ಲಿನ ವ್ಯಸನ ಚಿಕಿತ್ಸಾ ಕೇಂದ್ರದ ವಾರ್ಡಿನಲ್ಲಿ ಕಲಿಯುವುದು ಯಾವ ಪುಸ್ತಕದಿಂದಲೂ ಸಿಗದು. ನಿಮಗೆ ಹತ್ತಿರದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೂ ವಿಚಾರಿಸಿ. ಕೆಲಸ ಬಿಡಲಾಗದಿದ್ದರೆ, ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅಧೀನದಲ್ಲಿರುವ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆ ವ್ಯಸನಮುಕ್ತಿ ಕೇಂದ್ರಗಳ ಸಿಬ್ಬಂದಿಗೆ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತದೆ, ರಾಜ್ಯಮಟ್ಟದ ಸಮನ್ವಯ ಸಂಸ್ಥೆಗಳ ಮೂಲಕವೂ ನಡೆಸುತ್ತದೆ. ನಿಮ್ಮ ಕೇಂದ್ರಕ್ಕೆ ಆ ಸಚಿವಾಲಯದ ಅನುದಾನ ಬರುತ್ತಿದ್ದರೆ ನಿಮ್ಮನ್ನು ಅಲ್ಲಿಗೆ ಕಳಿಸುವಂತೆ ಮೇಲ್ವಿಚಾರಕರನ್ನು ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಕೇಳಿದರೆ ‘ನೋಡೋಣ’ ಎಂಬಲ್ಲಿಗೆ ನಿಲ್ಲುತ್ತದೆ. ಅಲ್ಲಿಯವರೆಗೆ, ರೋಗಿಯ ಒಪ್ಪಿಗೆ ಪಡೆದು ವಾರಕ್ಕೊಂದು ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು, ನೀವು ಎಷ್ಟು ಹೊತ್ತು ಮಾತನಾಡಿದಿರಿ, ಅವರು ಎಷ್ಟು ಹೊತ್ತು ಮಾತನಾಡಿದರು ಎಂದು ಗಡಿಯಾರ ಹಿಡಿದು ನೋಡಿ. ಮೊದಲ ಸಲ ನೋಡಿದಾಗ ನನಗೆ ನಾಚಿಕೆಯಾಗಿತ್ತು.

ಪ್ರಶ್ನೆ: ನನಗೆ ನಲವತ್ನಾಲ್ಕು ವರ್ಷ. ಆರು ವರ್ಷಗಳ ಹಿಂದೆ ಒಂದು ಮದ್ಯವರ್ಜನ ಶಿಬಿರದಲ್ಲಿ ಕುಡಿತ ಬಿಟ್ಟವನು ಮತ್ತೆ ಮುಟ್ಟಿಲ್ಲ. ಈಗ ನಮ್ಮೂರ ಹತ್ತಿರದ ಕೇಂದ್ರದವರು ‘ನಿಮ್ಮಂಥವರೇ ನಮಗೆ ಬೇಕು’ ಎಂದು ಕೆಲಸಕ್ಕೆ ಕರೆಯುತ್ತಿದ್ದಾರೆ. ನಾನು ಓದಿದ್ದು ಹತ್ತನೇ ತರಗತಿ. ಅನುಭವಕ್ಕಿಂತ ದೊಡ್ಡ ತರಬೇತಿ ಬೇಕೇ?
(ಓದುಗ, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಹೋಗಿ. ಆದರೆ ‘ಅನುಭವವೇ ಸಾಕು’ ಎಂಬ ಮಾತನ್ನು ನಂಬಿಕೊಂಡು ಹೋಗಬೇಡಿ. ಅನುದಾನಿತ ಕೇಂದ್ರಗಳ ಸಿಬ್ಬಂದಿ ಪಟ್ಟಿಯಲ್ಲೇ ವ್ಯಸನದಿಂದ ಹೊರಬಂದವರಿಗೆಂದು ಒಂದು ಸ್ಥಾನವಿದೆ. ಸಮವರ್ತಿ ಶಿಕ್ಷಕ, ಪಿಯರ್ ಎಜುಕೇಟರ್ ಎನ್ನುತ್ತಾರೆ. ಹೊಸದಾಗಿ ದಾಖಲಾದವನು ರಾತ್ರಿ ಎರಡು ಗಂಟೆಗೆ ನಿದ್ದೆ ಬಾರದೆ ಎದ್ದು ಕುಳಿತಾಗ, ಪಕ್ಕದಲ್ಲಿ ಕುಳಿತು ‘ನನಗೂ ಹೀಗೇ ಆಗಿತ್ತು, ನಾಲ್ಕನೇ ದಿನಕ್ಕೆ ಕಡಿಮೆಯಾಯಿತು’ ಎನ್ನುವ ಮಾತಿಗಿರುವ ತೂಕ ನನ್ನ ಇಷ್ಟು ವರ್ಷದ ಓದಿಗೆ ಇಲ್ಲ. ನಮ್ಮ ರಾಜ್ಯದಲ್ಲಿ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಶಿಬಿರಗಳಿಂದ ಹೊರಬಂದವರು ನವಜೀವನ ಸಮಿತಿಗಳಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ನಿಲ್ಲುವುದರಲ್ಲೂ ಈ ಬಲವೇ ಇದೆ.

ತೊಡಕಿರುವುದು ಬೇರೆಡೆ. ನೀವು ಬಿಟ್ಟ ದಾರಿ ನಿಮಗೆ ಗೊತ್ತು, ಅದೊಂದೇ ದಾರಿಯೆಂದು ಅನ್ನಿಸಿಬಿಡುವ ಅಪಾಯವೂ ಅದರೊಂದಿಗೇ ಬರುತ್ತದೆ. ‘ನಾನು ಮಾತ್ರೆಯಿಲ್ಲದೆ ಬಿಟ್ಟೆ, ನಿನಗೇಕೆ ಮಾತ್ರೆ’ ಎಂದು ಒಬ್ಬ ಸಹೋದ್ಯೋಗಿ ರೋಗಿಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ರೋಗಿಗೆ ಹಿಂದೆ ಎರಡು ಸಲ ಕುಡಿತ ಬಿಟ್ಟಾಗ ಫಿಟ್ಸ್ ಬಂದಿತ್ತು; ವೈದ್ಯರು ಮಾತ್ರೆ ಕೊಟ್ಟಿದ್ದು ಅದು ಮೂರನೆಯ ಸಲ ಬಾರದಿರಲೆಂದು. ಹಾಗಾಗಿ ನಿಮ್ಮ ತರಬೇತಿಯ ಮೊದಲ ಪಾಠ ಯಾವುದು ನಿಮ್ಮ ಕೆಲಸ, ಯಾವುದು ವೈದ್ಯರ ಕೆಲಸ, ಯಾವ ಲಕ್ಷಣ ಕಂಡರೆ ಯಾರನ್ನು ಎಬ್ಬಿಸಬೇಕು ಎಂಬುದಾಗಿರಲಿ. ರೋಗಿಗೆ ಸಾಲ ಕೊಡಬಾರದು, ಅವನ ಮನೆಯ ಜಗಳದಲ್ಲಿ ಪಂಚಾಯ್ತಿಗೆ ಕೂರಬಾರದು, ಗುಂಪಿನಲ್ಲಿ ಹೇಳಿಕೊಂಡದ್ದನ್ನು ಚಹಾದಂಗಡಿಯಲ್ಲಿ ಆಡಬಾರದು ಎಂಬಂಥ ಸಣ್ಣ ಸಂಗತಿಗಳಿಗೆ ಊರಿನವರಾದ ನಿಮಗೆ ಹೆಚ್ಚು ತಯಾರಿ ಬೇಕು.

ಅನುಭವ ಮತ್ತು ತರಬೇತಿ ಎರಡೂ ಕೂಡಿದಾಗ ಏನಾಗುತ್ತದೆ ಎಂಬುದಕ್ಕೆ ಚೆನ್ನೈನ ಶಾಂತಿ ರಂಗನಾಥನ್ ಅವರ ಉದಾಹರಣೆಯಿದೆ. ಪತಿಯನ್ನು ಮದ್ಯವ್ಯಸನದಿಂದ ಕಳೆದುಕೊಂಡ ಅವರು ಆ ನೋವೊಂದನ್ನೇ ಬಂಡವಾಳ ಮಾಡಿಕೊಳ್ಳದೆ, ಅಮೆರಿಕದ ಮಿನ್ನೆಸೊಟಾಕ್ಕೆ ಹೋಗಿ ಚಿಕಿತ್ಸೆಯ ಕ್ರಮವನ್ನು ಕಲಿತು ಬಂದು, 1980ರಲ್ಲಿ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಸ್ಥಾಪಿಸಿದರು. ಮುಂದೆ ಆ ಸಂಸ್ಥೆಯೇ ದಕ್ಷಿಣದ ರಾಜ್ಯಗಳ ಕೆಲಸಗಾರರಿಗೆ ತರಬೇತಿ ನೀಡುವ ತಾಣವಾಯಿತು. 1992ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಹತ್ತನೇ ತರಗತಿಯ ಓದು ಅಡ್ಡಿಯಲ್ಲ. ಆದರೆ ಕೆಲಸ ಒಪ್ಪಿಕೊಳ್ಳುವ ಮುನ್ನ ಎರಡು ಷರತ್ತು ಹಾಕಿ: ಮೊದಲ ಮೂರು ತಿಂಗಳು ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುವುದಿಲ್ಲ ಎಂಬುದು ಒಂದು, ವಾರಕ್ಕೊಮ್ಮೆ ಹಿರಿಯ ಸಮಾಲೋಚಕರೊಡನೆ ಕುಳಿತು ನಿಮ್ಮ ಮನಸ್ಸಿನ ಮಾತನ್ನೂ ಆಡಲು ಅವಕಾಶ ಬೇಕು ಎಂಬುದು ಇನ್ನೊಂದು. ದಿನವಿಡೀ ಕುಡಿತದ ಮಾತು ಕೇಳುತ್ತಿದ್ದರೆ ಹಳೆಯ ಆಸೆ ಎಂದಾದರೊಮ್ಮೆ ತಲೆಯೆತ್ತಬಹುದು. ಅದನ್ನು ಹೇಳಿಕೊಂಡರೆ ಕೆಲಸ ಹೋಗುತ್ತದೆ ಎಂಬ ಭಯವಿರುವ ಕೇಂದ್ರವಾದರೆ ಅಲ್ಲಿಗೆ ಹೋಗಬೇಡಿ. ಕುಡಿತ ಬಿಟ್ಟವರ ನಿಮ್ಮ ಗುಂಪಿನ ಸಭೆಗಳನ್ನೂ ತಪ್ಪಿಸಬೇಡಿ. ಕೆಲಸದ ಜಾಗದಲ್ಲಿ ನಡೆಸುವ ಸಭೆ ನಿಮ್ಮ ಸಭೆಯಲ್ಲ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ಒಬ್ಬರು ದಾಖಲಾಗಿದ್ದರು. ಮೂರನೆಯ ರಾತ್ರಿ ಇದ್ದಕ್ಕಿದ್ದಂತೆ ಬೆವರಿ ನಡುಗುತ್ತ, ಹೊದಿಕೆಯ ಮೇಲೆ ಇಲ್ಲದ ಹುಳಗಳನ್ನು ಕೊಡವುತ್ತ, ನನ್ನನ್ನು ತಮ್ಮ ಅಕ್ಕನೆಂದು ಕರೆಯತೊಡಗಿದರು. ಮನೆಯವರು ದೆವ್ವ ಮೆಟ್ಟಿದೆ ಎಂದರು, ನಮ್ಮವರು ಕೈಗಳನ್ನು ಮಂಚಕ್ಕೆ ಕಟ್ಟಿದರು. ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಕಳಿಸಲಾಯಿತು. ವ್ಯಸನಮುಕ್ತಿ ಕೇಂದ್ರದಲ್ಲಿ ಕೆಲಸ ಮಾಡದ ನಮ್ಮಂಥವರಿಗೂ ತರಬೇತಿ ಬೇಕೆಂದು ಅಂದು ಅನ್ನಿಸಿತು. ಎಲ್ಲಿ ಸಿಗುತ್ತದೆ?
(ಓದುಗಿ, ಊರಿನ ಹೆಸರು ಬೇಡವೆಂದಿದ್ದಾರೆ)

ಉತ್ತರ: ನೀವು ಬರೆದಿರುವ ಚಿತ್ರ ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿಗೆ ತಾಳೆಯಾಗುತ್ತದೆ. ದಿನವೂ ಹೆಚ್ಚು ಕುಡಿಯುತ್ತಿದ್ದವರು ಹಠಾತ್ತನೆ ನಿಲ್ಲಿಸಿದಾಗ ಕೆಲವು ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ 6ರಿಂದ 48 ಗಂಟೆಗಳೊಳಗೆ ಬರುತ್ತದೆ. ಈ ಭ್ರಾಂತಿಯ ಸ್ಥಿತಿ ಹೆಚ್ಚಾಗಿ 48ರಿಂದ 72 ಗಂಟೆಗಳ ಸುಮಾರಿಗೆ ತಲೆದೋರುತ್ತದೆ. ನಿಮ್ಮ ‘ಮೂರನೆಯ ರಾತ್ರಿ’ ಕಾಕತಾಳೀಯವಲ್ಲ. ಆಸ್ಪತ್ರೆಯಲ್ಲಿ ಕುಡಿಯಲು ಸಿಗದ ಕಾರಣಕ್ಕೇ ಮೂಳೆ ಮುರಿದವರ ವಾರ್ಡಿನಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಇದು ಜೀವ ತೆಗೆಯಬಲ್ಲದು.

ಒಂದು ಪ್ರಶ್ನೆಯಿಂದ ಆ ರಾತ್ರಿಯನ್ನು ತಪ್ಪಿಸಬಹುದಿತ್ತು: ದಾಖಲು ಮಾಡಿಕೊಳ್ಳುವಾಗ ‘ಕೊನೆಯ ಸಲ ಕುಡಿದದ್ದು ಯಾವಾಗ, ಎಷ್ಟು?’ ಎಂದು ಕೇಳಿ, ಗಂಟೆಯ ಸಮೇತ ಕೇಸ್‌ಶೀಟಿನಲ್ಲಿ ಬರೆಯುವುದು. ಆಮೇಲೆ ಕೈನಡುಕ, ಬೆವರು, ವಾಕರಿಕೆ, ಚಡಪಡಿಕೆ ಮುಂತಾದ ಹತ್ತು ಲಕ್ಷಣಗಳಿಗೆ ಅಂಕ ಕೊಡುತ್ತ ಹೋಗುವ ಸಿಐಡಬ್ಲ್ಯುಎ ಎಂಬ ಪಟ್ಟಿಯನ್ನು ಶುಶ್ರೂಷಕಿಯರೇ ಪಾಳಿಯಲ್ಲಿ ಕೆಲವು ಸಲ ತುಂಬಬಹುದು. ಅಂಕ ಏರುತ್ತಿದ್ದರೆ ವೈದ್ಯರು ಹೊತ್ತಿಗೆ ಮುಂಚೆ ಔಷಧ ಶುರುಮಾಡುತ್ತಾರೆ. ಹಾಗೆಯೇ, ಕುಡಿತದಿಂದ ಊಟ ಬಿಟ್ಟು ಬಡಕಲಾದವರಿಗೆ ಗ್ಲೂಕೋಸ್ ಡ್ರಿಪ್ ಹಾಕುವ ಮುನ್ನ ಥಯಮಿನ್ ಎಂಬ ಬಿ1 ಜೀವಸತ್ವ ಕೊಡಬೇಕೇ ಎಂದು ವೈದ್ಯರನ್ನು ಕೇಳಿ ನೆನಪಿಸಿ. ಮೊದಲೇ ಕೊರತೆಯಾಗಿರುವ ಆ ಜೀವಸತ್ವ ಗ್ಲೂಕೋಸಿನಿಂದ ಇನ್ನಷ್ಟು ಖರ್ಚಾದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಕಟ್ಟಿಹಾಕಿದ ಬಗ್ಗೆ ನಿಮ್ಮ ಸಿಬ್ಬಂದಿಯನ್ನು ದೂರಲಾರೆ, ಗೊತ್ತಿಲ್ಲದ ಭಯ ಹಾಗೆ ಮಾಡಿಸುತ್ತದೆ. ಆದರೆ ಬೆಳಕಿರುವ ಮೂಲೆ, ಪರಿಚಿತ ಮುಖ, ಸರಿಯಾದ ಔಷಧ ಇವು ಹಗ್ಗಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ರಜೆ ಸಿಗದ ನಿಮ್ಮಂಥವರಿಗೆಂದೇ ನಿಮ್ಹಾನ್ಸ್‌ನ ಆನ್‌ಲೈನ್ ತರಬೇತಿಗಳು ಇವೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ರೋಗಕ್ಕೆಂದು ಆರಂಭಿಸಿದ ‘ಎಕೋ’ ಮಾದರಿಯನ್ನು ನಿಮ್ಹಾನ್ಸ್ ವ್ಯಸನ ಚಿಕಿತ್ಸೆಗೆ ಒಗ್ಗಿಸಿಕೊಂಡಿದೆ: ದೂರದೂರುಗಳ ವೈದ್ಯರು, ಶುಶ್ರೂಷಕಿಯರು, ಸಮಾಲೋಚಕರು ನಿಗದಿತ ಹೊತ್ತಿಗೆ ವಿಡಿಯೊದಲ್ಲಿ ಸೇರುತ್ತಾರೆ, ಒಬ್ಬರು ತಮ್ಮ ರೋಗಿಯ ಪ್ರಕರಣವನ್ನು ಹೆಸರು ಬಿಟ್ಟು ಮಂಡಿಸುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ, ತಜ್ಞರು ಕೊನೆಯಲ್ಲಿ ಮಾತನಾಡುತ್ತಾರೆ. ನಿಮ್ಮ ಆ ಮೂರನೆಯ ರಾತ್ರಿಯನ್ನೇ ಅಲ್ಲಿ ಮಂಡಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನು ಒಂದು ಮಧ್ಯಾಹ್ನ ನಿಮ್ಮ ಆಸ್ಪತ್ರೆಗೆ ಕರೆಸಿ, ರಾತ್ರಿ ಪಾಳಿಯವರನ್ನೂ ಆಯಾಗಳನ್ನೂ ಕೂರಿಸಿ ಪಾಠ ಮಾಡಿಸುವುದು ಇನ್ನೂ ಸುಲಭ.

ಪ್ರಶ್ನೆ: ನೋವಿನ ಮಾತ್ರೆಗಳನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದ ನನ್ನ ಮಗನನ್ನು ನಾಲ್ಕು ತಿಂಗಳ ಹಿಂದೆ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದೆ. ಅವರೇ ಬಂದು ರಾತ್ರಿ ಜೀಪಿನಲ್ಲಿ ಎತ್ತಿಕೊಂಡು ಹೋದರು. ಭೇಟಿಗೆ ಹೋದರೆ ಯಾವಾಗಲೂ ಒಬ್ಬ ಕೆಲಸಗಾರ ಪಕ್ಕದಲ್ಲೇ ನಿಂತಿರುತ್ತಾನೆ. ಕೈಮೇಲೆ ಬಾಸುಂಡೆ ಕಂಡೆ, ‘ಶಿಸ್ತು’ ಎಂದರು. ಅಲ್ಲಿನವರಿಗೆ ತರಬೇತಿಯಿದೆಯೋ ಇಲ್ಲವೋ ನನಗೆ ತಿಳಿಯುವುದು ಹೇಗೆ?
(ಒಬ್ಬ ತಂದೆ, ಮಂಡ್ಯ ಜಿಲ್ಲೆ)

ಉತ್ತರ: ಬಾಸುಂಡೆ ಕಂಡ ಮೇಲೆ ತರಬೇತಿಯ ಪ್ರಶ್ನೆ ಉಳಿಯಲಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯ್ದೆ ಮದ್ಯ ಮತ್ತು ಮಾದಕವಸ್ತುಗಳ ಬಳಕೆಯಿಂದಾದ ಮನೋಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿದೆ. ಅಂಥವರನ್ನು ಇರಿಸಿಕೊಂಡು ಚಿಕಿತ್ಸೆ ನೀಡುವ ಸಂಸ್ಥೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ಯಾವ ರೀತಿಯಲ್ಲೂ ಸರಪಳಿ ಹಾಕುವುದನ್ನು ಕಾಯ್ದೆ ನಿಷೇಧಿಸಿದೆ. ಒಪ್ಪಿಗೆಯಿಲ್ಲದವರನ್ನು ದಾಖಲಿಸಿಕೊಳ್ಳಬೇಕಾದರೆ, ಒಬ್ಬ ಮನೋವೈದ್ಯರೂ ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಿ, ಅಪಾಯದ ಸ್ಥಿತಿಯಿದೆಯೆಂದು ಹೇಳಬೇಕು. ಮೊದಲ ಸಲ ಹಾಗೆ ಇರಿಸಿಕೊಳ್ಳುವ ಅವಧಿ ಹೆಚ್ಚೆಂದರೆ 30 ದಿನ. ಅದನ್ನು ಮುಂದುವರಿಸಲು ಮತ್ತೆ ಕ್ರಮಬದ್ಧ ಪರೀಕ್ಷೆ ಮತ್ತು ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿಯ ಒಪ್ಪಿಗೆ ಬೇಕು. ನಾಲ್ಕು ತಿಂಗಳ ಕಾಗದಪತ್ರಗಳನ್ನು ನಿಮಗೆ ತೋರಿಸಿದ್ದಾರೆಯೇ?

ನೋಂದಣಿ ಪತ್ರ, ವೈದ್ಯರ ಹೆಸರು ಮತ್ತು ಅವರು ಬರುವ ದಿನಗಳು, ರಾತ್ರಿ ಪಾಳಿಯಲ್ಲಿರುವವರ ವಿದ್ಯಾರ್ಹತೆ ಇವನ್ನು ನಾಳೆಯೇ ಕೇಳಿ, ಮಗನೊಡನೆ ಒಬ್ಬರೇ ಮಾತನಾಡಬೇಕೆಂದು ಹೇಳಿ. ಕೊಡದಿದ್ದರೆ ಪುನರವಲೋಕನ ಮಂಡಳಿಗೂ ಪೊಲೀಸರಿಗೂ ದೂರು ಕೊಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ. ಉಚಿತ ಸಹಾಯವಾಣಿಗಳೂ ಇವೆ: ಟೆಲಿ ಮಾನಸ್ 14416, ವ್ಯಸನಮುಕ್ತಿಗೆ ಸಂಬಂಧಿಸಿದ್ದು 14446.

ತರಬೇತಿಯಿಲ್ಲದವರು ನಿಮಗೆ ಹೇಳಿರಲಾರದ ಒಂದು ಸಂಗತಿಯನ್ನು ನಾನು ಹೇಳಲೇಬೇಕು. ಅಫೀಮು ಜಾತಿಯ ಮಾತ್ರೆಗಳನ್ನು ತಿಂಗಳುಗಟ್ಟಲೆ ಬಿಟ್ಟಾಗ ದೇಹ ಅವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೊರಬಂದವನು ಮೊದಲಿನಷ್ಟೇ ಪ್ರಮಾಣವನ್ನು ಒಂದು ಸಲ ಚುಚ್ಚಿಕೊಂಡರೂ ಉಸಿರು ನಿಲ್ಲಬಹುದು. ಆದ್ದರಿಂದ ಮಗನನ್ನು ಕರೆತಂದ ದಿನವೇ ಜಿಲ್ಲಾ ಆಸ್ಪತ್ರೆಯ ಅಥವಾ ವೈದ್ಯಕೀಯ ಕಾಲೇಜಿನ ಮನೋವೈದ್ಯರಿಗೆ ತೋರಿಸಿ, ಮತ್ತೆ ಚಟಕ್ಕೆ ಬೀಳದಂತೆ ನೆರವಾಗುವ ಬುಪ್ರೆನಾರ್ಫಿನ್ ಅಥವಾ ನಾಲ್ಟ್ರೆಕ್ಸೋನ್‌ನಂಥ ಔಷಧ ಅವನಿಗೆ ಹೊಂದುತ್ತದೆಯೇ ಎಂದು ವಿಚಾರಿಸಿ. ಅಪಾಯದ ಈ ಮಾತನ್ನು ಅವನ ಮುಂದೆಯೇ, ಗದರದೆ, ವೈದ್ಯರ ಬಾಯಿಂದಲೇ ಆಡಿಸಿ.